ಬೇಸಿಗೆ ಸೂಟಿಗೆ ಎಲ್ಲಿಗೆ? ಊರಿನ ಹೆಸರಿಗಿಂತ ಅಲ್ಲಿನ ರಾತ್ರಿ ನೋಡಿ

ಏಪ್ರಿಲ್‌ನಲ್ಲಿ ಶಾಲೆಗಳಿಗೆ ಸೂಟಿ ಬೀಳುತ್ತಲೇ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳಲ್ಲಿ ಒಂದೇ ಮಾತು: ‘ಎಲ್ಲಾದರೂ ತಂಪಿರೋ ಕಡೆ ನಾಲ್ಕು ದಿನ ಹೋಗಿ ಬರೋಣು.’ ಹಗಲಿನ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ಸ್ಲ್ಯಾಬ್ ಮನೆಯ ಗೋಡೆ ರಾತ್ರಿ ಹನ್ನೊಂದಾದರೂ ಬೆಚ್ಚಗೇ ಇರುತ್ತದೆ. ಸರಿ ಎಂದು ಯಾರೋ ಹೇಳಿದ ಪ್ರಸಿದ್ಧ ಗಿರಿಧಾಮಕ್ಕೆ ಹೊರಟರೆ ಘಾಟಿಯಲ್ಲಿ ವಾಹನಗಳ ಸಾಲು, ದುಪ್ಪಟ್ಟು ಬಾಡಿಗೆ, ನಿಂತು ನೋಡಲೂ ಜಾಗವಿಲ್ಲದ ವ್ಯೂ ಪಾಯಿಂಟ್. ಖರ್ಚೂ ಆಯಿತು, ದಣಿವೂ ಆಯಿತು, ತಂಪು ಮಾತ್ರ ಸಿಗಲಿಲ್ಲ.

ಇದಕ್ಕೆ ಮುಖ್ಯ ಕಾರಣ, ನಾವು ಹೆಸರು ಕೇಳಿ ಊರು ಆರಿಸುವುದು. ತಂಪು ಎಲ್ಲಿಂದ ಬರುತ್ತದೆ, ಜನ ಯಾವಾಗ ಎಲ್ಲಿ ಸೇರುತ್ತಾರೆ ಎಂಬ ಎರಡು ವಿಷಯ ತಿಳಿದುಕೊಂಡರೆ ನಮ್ಮ ಕಡೆಯಿಂದ ಅರ್ಧ ದಿನದ ಹಾದಿಯಲ್ಲೇ ಚಲೋ ಜಾಗಗಳು ಸಿಗುತ್ತವೆ.

ತಂಪಿನ ಲೆಕ್ಕ

ಮೊದಲನೆಯದು ಎತ್ತರ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಗದಗ ಈಗಾಗಲೇ ಸುಮಾರು 650 ಮೀಟರ್ ಎತ್ತರದಲ್ಲಿದೆ. ಹಾಗಾಗಿ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಹೋದರೆ ಎತ್ತರದಿಂದಲೇ ಐದು ಡಿಗ್ರಿಯಷ್ಟು ವ್ಯತ್ಯಾಸ ಸಿಗುತ್ತದೆ. 2,240 ಮೀಟರಿನ ಊಟಿಯಲ್ಲಿ ಹತ್ತು ಡಿಗ್ರಿ. ಆದರೆ ಶಿರಸಿ, ಆಗುಂಬೆ ನಮ್ಮಷ್ಟೇ ಎತ್ತರದ ಊರುಗಳು. ಅಲ್ಲಿ ತಂಪು ಬರುವುದು ಬೇರೆ ದಾರಿಯಿಂದ.

ಆ ದಾರಿ ಮರಗಳದ್ದು. ಎರೆಹೊಲಗಳ ಬಯಲಿನಲ್ಲಿ ಬಿಸಿಲು ನೇರ ನೆಲಕ್ಕೆ ಬಿದ್ದು ನೆಲವೇ ಕಾಯುತ್ತದೆ. ದಟ್ಟ ಕಾಡು, ಅಡಿಕೆ ತೋಟಗಳಲ್ಲಿ ಬಿಸಿಲು ಎಲೆಗಳ ಮೇಲೇ ನಿಲ್ಲುತ್ತದೆ, ಎಲೆಗಳು ಬಿಡುವ ನೀರಿನಾವಿ ಗಾಳಿಯನ್ನು ತಣಿಸುತ್ತದೆ. ಮಧ್ಯಾಹ್ನ ಪೇಟೆಯ ಬಸ್ ನಿಲ್ದಾಣದಲ್ಲಿ ನಿಂತರೆ ಶಿರಸಿಯೂ ಬಿಸಿಯೇ. ಅಲ್ಲಿಂದ ಹತ್ತು ಕಿಲೋಮೀಟರ್ ಆಚೆಯ ತೋಟದ ಮನೆಯ ಜಗುಲಿಯಲ್ಲಿ ಕೂತರೆ ಬೇರೆಯೇ ಹವೆ.

ಮೂರನೆಯದು ಗಾಳಿಯ ತೇವ. ಕಾರವಾರ, ಗೋಕರ್ಣಗಳಲ್ಲಿ ಮೇ ತಿಂಗಳ ಹಗಲು 33-34 ಡಿಗ್ರಿ ಎಂದು ನೋಡಿ ‘ನಮಗಿಂತ ತಂಪು’ ಎಂದುಕೊಳ್ಳುವವರು ಬಹಳ. ಅಲ್ಲಿನ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ರಾತ್ರಿಯೂ ಸೆಕೆ ಬಿಡುವುದಿಲ್ಲ. ಒಣಹವೆಯ ಗದಗಿನಲ್ಲಿ ಬೆಳಗಿನ ಜಾವಕ್ಕಾದರೂ ಹೊದಿಕೆ ಎಳೆದುಕೊಳ್ಳಬಹುದು, ಕರಾವಳಿಯಲ್ಲಿ ಆ ಹೊತ್ತಿಗೂ ಫ್ಯಾನ್ ಬೇಕು. ಸಮುದ್ರ ನೋಡಲೇಬೇಕೆಂದಿದ್ದರೆ ನೋಡಿ, ತಂಪಿಗೆಂದು ಹೋಗಬೇಡಿ.

ಇದರಿಂದ ಒಂದು ಸುಲಭ ಪರೀಕ್ಷೆ ಸಿಗುತ್ತದೆ: ಊರಿನ ಹಗಲಿನ ಗರಿಷ್ಠ ಉಷ್ಣಾಂಶದ ಜೊತೆ ರಾತ್ರಿಯ ಕನಿಷ್ಠವನ್ನೂ ನೋಡಿ. ರಾತ್ರಿ 20 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಳಿಯುವ ಊರಿನಲ್ಲಿ ನಿದ್ದೆ ಬರುತ್ತದೆ. ಸೂಟಿಯಲ್ಲಿ ಬೇಕಾದ್ದು ಮುಖ್ಯವಾಗಿ ಅದೇ. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ನಾಲ್ಕೈದು ಊರುಗಳನ್ನು ಸೇರಿಸಿಟ್ಟು ಒಂದು ವಾರ ಎರಡೂ ಅಂಕಿ ನೋಡುತ್ತ ಬಂದರೆ ಸಾಕು.

ಈ ಲೆಕ್ಕ ನಮ್ಮ ಸೀಮೆಗೆ ಹೊಸದೇನಲ್ಲ. ಬಳ್ಳಾರಿಯ ದಂಡಿನಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಬೇಸಿಗೆ ತಡೆಯಲಾಗದೆ 19ನೇ ಶತಮಾನದಲ್ಲಿ ಸಂಡೂರಿನ ಬೆಟ್ಟಸಾಲಿನ ರಾಮನದುರ್ಗದಲ್ಲಿ ಆರೋಗ್ಯಧಾಮ ಕಟ್ಟಿದ್ದರು. ನಮ್ಮ ಬಯಲಿಗೆ ಅತಿ ಹತ್ತಿರದ ‘ಹಿಲ್ ಸ್ಟೇಷನ್’ ಎಂದರೆ ಅದೇ. ಈಗ ಅಲ್ಲಿ ಕುಟುಂಬ ಸಮೇತ ಉಳಿಯುವ ಅನುಕೂಲ ನಿರೀಕ್ಷಿಸಬೇಡಿ. ಸಂಡೂರು ಚೆಲುವಾಗುವುದೂ ಮಳೆ ಬಿದ್ದ ಮೇಲೆಯೇ. 1934ರಲ್ಲಿ ಅಲ್ಲಿಗೆ ಬಂದಿದ್ದ ಗಾಂಧೀಜಿ ಆ ಊರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದಿದ್ದರೆಂದು ಸಂಡೂರಿನವರು ಇಂದಿಗೂ ನೆನೆಯುತ್ತಾರೆ.

ಜನ ಎಲ್ಲಿ ಸೇರುತ್ತಾರೆ?

ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ ಬೆಂಗಳೂರಿನಿಂದ ಸುಮಾರು 220ರಿಂದ 270 ಕಿಲೋಮೀಟರ್ ದೂರದಲ್ಲಿವೆ. ಶುಕ್ರವಾರ ರಾತ್ರಿ ಹೊರಟು ಭಾನುವಾರ ವಾಪಸಾಗಲು ಹೇಳಿ ಮಾಡಿಸಿದ ದೂರ ಅದು. ಆದ್ದರಿಂದ ಅಲ್ಲಿನ ಗರ್ದಿ ವಾರಾಂತ್ಯದ ಗರ್ದಿ. ನಾವು ಇರುವುದು ಬೆಂಗಳೂರಿನ ಆ ವರ್ತುಲದಿಂದ ಬಹಳ ಹೊರಗೆ. ಪಶ್ಚಿಮಕ್ಕೆ ಮುಖ ಮಾಡಿದರೆ ಖಾನಾಪುರ, ಜೋಯಿಡಾ, ಯಲ್ಲಾಪುರ, ಶಿರಸಿ, ಸಿದ್ದಾಪುರ ನಮಗೆ ಹತ್ತಿರ, ಬೆಂಗಳೂರಿನವರಿಗೆ ದೂರ. ಇದು ನಮಗಿರುವ ದೊಡ್ಡ ಅನುಕೂಲ. ಅದನ್ನು ಬಿಟ್ಟು ಅವರದೇ ಸಾಲಿನಲ್ಲಿ ಹೋಗಿ ನಿಲ್ಲುವ ಅಗತ್ಯವಿಲ್ಲ.

ಇನ್ನೊಂದು ಗುಟ್ಟು: ಮಳೆಗಾಲಕ್ಕೆ ಹೆಸರಾದ ಊರುಗಳು ಬೇಸಿಗೆಯಲ್ಲಿ ಸದ್ದಿಲ್ಲದೆ ಇರುತ್ತವೆ. ಆಗುಂಬೆ, ಅಂಬೋಲಿ, ಕಣಕುಂಬಿ ಎಂದರೆ ಜನರಿಗೆ ಜುಲೈ ನೆನಪಾಗುತ್ತದೆ. ಜಲಪಾತ, ಮಂಜು ಎರಡೂ ಬೇಡ, ನೆರಳು ಮತ್ತು ನಿದ್ದೆ ಸಾಕು ಎನ್ನುವವರಿಗೆ ಈ ಊರುಗಳ ಏಪ್ರಿಲ್ ಒಳ್ಳೆಯ ಕಾಲ.

ಆರಿಸುವ ಕ್ರಮ

1. ಮೊದಲು ದಿನಾಂಕ ಗೊತ್ತು ಮಾಡಿ. ಭಾನುವಾರ ಮಧ್ಯಾಹ್ನ ತಲುಪಿ ಗುರುವಾರ ಹೊರಡುವಂತೆ ಇಟ್ಟುಕೊಳ್ಳಿ. ನೀವು ಒಳಗೆ ಹೋಗುವ ಹೊತ್ತಿಗೆ ವಾರಾಂತ್ಯದವರು ಹೊರಗೆ ಬರುತ್ತಿರುತ್ತಾರೆ, ಬಾಡಿಗೆಯನ್ನೂ ಚೌಕಾಸಿ ಮಾಡಬಹುದು. ಅಂಗಡಿ, ಮಗ್ಗ, ಹೊಲ ಇರುವವರಿಗೆ ಇದು ಕಷ್ಟವಲ್ಲ.

2. ಊರಿನ ಪಂಚಾಂಗವನ್ನೂ ನೋಡಿ. ದವನದ ಹುಣ್ಣಿಮೆಗೆ ಗದಗಿನ ತೋಂಟದಾರ್ಯ ಮಠದ ಜಾತ್ರೆ, ಆಗಿ ಹುಣ್ಣಿಮೆಗೆ ಶಿರಹಟ್ಟಿಯ ಫಕೀರೇಶ್ವರ ಜಾತ್ರೆ. ಬೀಗರು ಮನೆಗೆ ಬರುವ ಹೊತ್ತಿಗೆ ಮನೆಯವರೇ ಇಲ್ಲದಿದ್ದರೆ ಹೇಗೆ? ಹೊಲವಿದ್ದವರು ರೋಹಿಣಿ ಮಳೆಗೆ ಮೊದಲೇ, ಅಂದರೆ ಮೇ 20ರೊಳಗೆ ತಿರುಗಿ ಬರುವುದು ಲೇಸು. ಹೆಸರು ಬಿತ್ತಲು ಹದ ಸಿಕ್ಕರೆ ಒಂದು ದಿನವೂ ಕಾಯಲಾಗದು.

3. ದಾರಿ ಆರೇಳು ತಾಸು ಮೀರದಿರಲಿ. ನಾಲ್ಕು ದಿನದ ಸೂಟಿಯಲ್ಲಿ ಎರಡು ದಿನ ಗಾಡಿಯಲ್ಲೇ ಕಳೆದರೆ ಹಿರಿಯರಿಗೂ ಚಿಕ್ಕಮಕ್ಕಳಿಗೂ ತಂಪಿನ ಲಾಭ ಸಿಗುವುದಿಲ್ಲ. ಊಟಿಗೆ ಗದಗಿನಿಂದ 550 ಕಿಲೋಮೀಟರ್ ಮೀರುತ್ತದೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇಯಿಂದ ಊಟಿ, ಕೊಡೈಕೆನಾಲ್‌ಗೆ ಇ-ಪಾಸ್ ಕಡ್ಡಾಯವಾಗಿದೆ. 2025ರ ಬೇಸಿಗೆಯಲ್ಲಿ ನಿತ್ಯ ಬಿಡುವ ವಾಹನಗಳ ಸಂಖ್ಯೆಗೂ ಮಿತಿ ಹಾಕಲಾಗಿತ್ತು.

4. ಪ್ರಸಿದ್ಧ ಜಾಗದಿಂದ 15-20 ಕಿಲೋಮೀಟರ್ ಹೊರಗೆ ಉಳಿದುಕೊಳ್ಳಿ. ಆ ಜಾಗವನ್ನು ಬೆಳಿಗ್ಗೆ ಏಳಕ್ಕೆ ನೋಡಿ, ಒಂಬತ್ತೂವರೆಗೆ ಹೊರಬನ್ನಿ.

5. ಒಂದೇ ಊರಿನಲ್ಲಿ ಮೂರು ರಾತ್ರಿ ಇರಿ. ದಿನಕ್ಕೊಂದು ಊರು ಎಂದರೆ ಮಧ್ಯಾಹ್ನದ ಉರಿಬಿಸಿಲು ಬಸ್ಸಿನಲ್ಲಿ ಅಥವಾ ಕಾರಿನಲ್ಲಿ ಕಳೆಯುವುದು ಖಾತ್ರಿ.

6. ರೈಲಾದರೆ ಬೇಗ ಟಿಕೆಟ್ ತೆಗೆಸಿ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ ಅವಧಿ 60 ದಿನ. ಏಪ್ರಿಲ್ ಕೊನೆಗೆ ಹೊರಡುವವರು ಫೆಬ್ರುವರಿ ಕೊನೆಗೇ ಎಚ್ಚರಾಗಬೇಕು.

ನಮ್ಮ ಕಡೆಯಿಂದ ಎಲ್ಲಿಗೆ?

*ಶಿರಸಿ-ಸಿದ್ದಾಪುರದ ತೋಟದ ಮನೆಗಳು.* ಮಕ್ಕಳು, ಅಜ್ಜ-ಅಜ್ಜಿ ಎಲ್ಲರೂ ಇರುವ ಮನೆತನಕ್ಕೆ ನಾನು ಮೊದಲು ಹೇಳುವುದು ಇದನ್ನೇ. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಅಲ್ಲಿಂದ ಶಿರಸಿ ನೂರರ ಮೇಲೆ ಸ್ವಲ್ಪ. ಲಕ್ಷ್ಮೇಶ್ವರ, ಶಿರಹಟ್ಟಿಯವರು ಹುಬ್ಬಳ್ಳಿಗೆ ಸುತ್ತದೆ ಶಿಗ್ಗಾವಿ, ಮುಂಡಗೋಡ ಹಾದು ಹೋಗಬಹುದು. ಮುಂಡಗೋಡದ ಬಳಿ 1966ರಿಂದ ಇರುವ ಟಿಬೆಟನ್ ಕಾಲೊನಿಯಲ್ಲಿ ಇಳಿದು ಬೌದ್ಧ ವಿಹಾರಗಳನ್ನು ನೋಡಿದರೆ ದಾರಿಯ ದಣಿವೂ ಆರುತ್ತದೆ.

ಇಲ್ಲಿನ ತೋಟದ ಮನೆಗಳಲ್ಲಿ ಎತ್ತರದ ಹೆಂಚಿನ ಮಾಡು, ಮುಂದೆ ಜಗುಲಿ, ಅಂಗಳಕ್ಕೆ ಅಡಿಕೆ ಸೋಗೆಯ ಚಪ್ಪರ. ಚಪ್ಪರದ ಕೆಳಗೆ ಮಧ್ಯಾಹ್ನ ಎರಡಕ್ಕೂ ಹಾಯಾಗಿ ಕೂರಬಹುದು. ಊಟಕ್ಕೆ ತಂಬುಳಿ, ಅಪ್ಪೆಹುಳಿ, ಬಾಯಾರಿದರೆ ಮುರುಗಲ ಹಣ್ಣಿನ ಪಾನಕ. ಹಲಸಿನ ಹಣ್ಣಿನ ಕಾಲ ಬೇರೆ. ರೊಟ್ಟಿ ಇಲ್ಲದೆ ಊಟವೇ ಇಲ್ಲ ಎನ್ನುವ ಹಿರಿಯರಿದ್ದರೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ. ಬಿಸಿ ರೊಟ್ಟಿ ಅಲ್ಲಿ ಸುಲಭವಾಗಿ ಸಿಗುವುದಿಲ್ಲ.

ನೋಡುವುದಕ್ಕೂ ಬೇಸಿಗೆಯದೇ ಒಂದು ಲಾಭವಿದೆ. ಸೋಂದೆ ಹತ್ತಿರದ ಸಹಸ್ರಲಿಂಗದಲ್ಲಿ ಶಾಲ್ಮಲಾ ನದಿಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು ನೀರು ಇಳಿದಾಗಲೇ ಪೂರ್ತಿ ಕಾಣುವುದು. ಮಳೆಗಾಲದಲ್ಲಿ ಹೋದವರು ಕೆಂಪು ನೀರು ನೋಡಿ ಬರುತ್ತಾರೆ. ಬೆಳಿಗ್ಗೆ ಅಲ್ಲಿ, ಹತ್ತಿರದಲ್ಲೇ ವಾದಿರಾಜ ಮಠ, ಇನ್ನೊಂದು ದಿನ ಬನವಾಸಿಯ ಮಧುಕೇಶ್ವರ. ಜೋಗಕ್ಕೆಂದೇ ದಿನ ಇಡಬೇಡಿ. ಶರಾವತಿಯ ನೀರು ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ, ಮೇ ತಿಂಗಳಲ್ಲಿ 253 ಮೀಟರ್ ಬಂಡೆಯ ಮೇಲೆ ಎಳೆಯಷ್ಟು ನೀರು.

*ಕಣಕುಂಬಿ, ಅಂಬೋಲಿ.* ನರಗುಂದದ ಹೊಲಗಳಿಗೆ ಕಾಲುವೆಯಲ್ಲಿ ಬರುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸುಮಾರು 790 ಮೀಟರ್ ಎತ್ತರದಲ್ಲಿ. ಕಳಸಾ-ಬಂಡೂರಿ ಹೋರಾಟದ ಹೆಸರು ಕೇಳಿಯೇ ಬೆಳೆದ ನಮ್ಮ ಜಿಲ್ಲೆಯ ಮಕ್ಕಳಿಗೆ ಆ ಕಳಸಾ ಹಳ್ಳವನ್ನೂ, ನದಿಯ ಮೂಲವನ್ನೂ ಕಣ್ಣಾರೆ ತೋರಿಸಬಹುದು. ನನ್ನ ಮಟ್ಟಿಗೆ ಯಾವ ಅಮ್ಯೂಸ್‌ಮೆಂಟ್ ಪಾರ್ಕಿಗಿಂತಲೂ ಇದು ದೊಡ್ಡದು. ಗದಗಿನಿಂದ ಬೆಳಗಾವಿ ದಾರಿಯಾಗಿ 200 ಕಿಲೋಮೀಟರ್ ಹತ್ತಿರ ಆಗುತ್ತದೆ. ಊರು ಚಿಕ್ಕದು, ಉಳಿಯುವ ಜಾಗ ಕಡಿಮೆ. ಜಾಂಬೋಟಿ ಕಡೆಯ ಹೋಂಸ್ಟೇಗಳನ್ನೂ ವಿಚಾರಿಸಿ. ಸುತ್ತಲಿನದು ಭೀಮಗಡ ಅಭಯಾರಣ್ಯದ ಕಾಡು, ಕರಡಿಗಳಿವೆ. ನಸುಕಿನಲ್ಲಿ, ಸಂಜೆ ಮುಸುಕಿದ ಮೇಲೆ ಒಬ್ಬೊಬ್ಬರೇ ಅಡ್ಡಾಡಬಾರದು.

ಬೆಳಗಾವಿಯಿಂದ ಸಾವಂತವಾಡಿ ರಸ್ತೆಯಲ್ಲಿ 70 ಕಿಲೋಮೀಟರಿನೊಳಗೆ ಅಂಬೋಲಿ. ಬ್ರಿಟಿಷರ ಕಾಲದಿಂದಲೂ ಗಿರಿಧಾಮ, ಜುಲೈನಲ್ಲಿ ಜಾತ್ರೆ, ಏಪ್ರಿಲ್‌ನಲ್ಲಿ ಶಾಂತ. ಮಹಾರಾಷ್ಟ್ರಕ್ಕೆ ಸೇರಿದ್ದರಿಂದ ಮಹಿಳೆಯರಿಗಿರುವ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ಅಲ್ಲಿವರೆಗೆ ನಡೆಯುವುದಿಲ್ಲ.

*ತೀರ್ಥಹಳ್ಳಿ, ಆಗುಂಬೆ, ಹೊಸನಗರ.* ದೂರ ಸ್ವಲ್ಪ ಹೆಚ್ಚು. ಓದುವ ಮಕ್ಕಳಿದ್ದರೆ ಕುಪ್ಪಳಿಯ ಕವಿಮನೆ, ಕವಿಶೈಲ. ಕೋಟೆ ನೋಡುವ ಹುಮ್ಮಸ್ಸಿದ್ದರೆ ಕವಲೇದುರ್ಗ, ನಗರ. ಮೇ ಮೊದಲ ವಾರದಿಂದ ಸಂಜೆ ಅಡ್ಡಮಳೆ ಬಂದರೆ ರಾತ್ರಿ ಚಳಿಯೇ ಆಗಬಹುದು. 1,343 ಮೀಟರಿನ ಕೊಡಚಾದ್ರಿಗೆ ಜೀಪಿನ ಹಾದಿ ಬಹಳ ಒರಟು, ಬೆನ್ನುನೋವು ಇದ್ದವರಿಗೆ ಬೇಡ.

*ಕೆಮ್ಮಣ್ಣುಗುಂಡಿ.* ನಿಜವಾದ ಎತ್ತರ ಬೇಕೆನ್ನುವವರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬಂದಿರುತ್ತಿದ್ದ ಜಾಗ, ಈಗ ತೋಟಗಾರಿಕೆ ಇಲಾಖೆಯ ಅತಿಥಿಗೃಹಗಳಿವೆ. ಗದಗಿನಿಂದ 300 ಕಿಲೋಮೀಟರ್ ಹತ್ತಿರ. ಹುಬ್ಬಳ್ಳಿ-ಬೆಂಗಳೂರು ರೈಲಿನಲ್ಲಿ ಬೀರೂರಿಗೆ ಇಳಿದು ಹೋಗಬಹುದು. ವಾರದ ನಡುವೆ ಮಾತ್ರ ಹೋಗಿ. ಮುಳ್ಳಯ್ಯನಗಿರಿ ಸೇರಿಸಿಕೊಳ್ಳುವವರು ವಾಹನಕ್ಕೆ ಮುಂಗಡ ನೋಂದಣಿ ಬೇಕೇ ಎಂದು ಹೊರಡುವ ಮುನ್ನವೇ ನೋಡಿಕೊಳ್ಳಿ.

*ಜೋಗಿಮಟ್ಟಿ.* ಮುಂಡರಗಿಯವರು ಹೊಳೆ ದಾಟಿ ಹೂವಿನಹಡಗಲಿ, ಹರಪನಹಳ್ಳಿ ಕಡೆಯಿಂದ ಚಿತ್ರದುರ್ಗಕ್ಕೆ ಹೋದರೆ ಊರಿನ ಬೆನ್ನಿಗೇ ಸಾವಿರ ಮೀಟರ್ ಮೀರಿದ ಈ ಗಿರಿಧಾಮ. ಬಯಲುಸೀಮೆಯ ನಡುವೆ ಇಂಥ ಗಾಳಿ ಅಪರೂಪ. ಪ್ರವೇಶಕ್ಕೆ ಅರಣ್ಯ ಇಲಾಖೆಯ ಸಮಯದ ಮಿತಿ ಇದೆ, ಕೇಳಿಕೊಂಡು ಹೋಗಿ.

ರೂಮ್ ಬುಕ್ ಮಾಡುವ ಮುನ್ನ ಫೋನಿನಲ್ಲಿ ಕೇಳಿ

ಫೋಟೋ ನೋಡಿ ದುಡ್ಡು ಕಳಿಸಬೇಡಿ. ಮಾಲೀಕರಿಗೆ ಫೋನ್ ಮಾಡಿ ಐದು ನಿಮಿಷ ಮಾತಾಡಿ.

‘ಮಾಡು ಹೆಂಚಿನದೋ, ಆರ್‌ಸಿಸಿಯೋ, ತಗಡೋ?’ ಈ ಒಂದು ಪ್ರಶ್ನೆ ಅರ್ಧ ಕೆಲಸ ಮಾಡುತ್ತದೆ. ಹಗಲೆಲ್ಲ ಕಾದ ಸ್ಲ್ಯಾಬ್ ಆ ಬಿಸಿಯನ್ನು ರಾತ್ರಿ ಒಳಗೆ ಬಿಡುತ್ತದೆ. ಮಲೆನಾಡಿನಲ್ಲೂ ಮೇಲಂತಸ್ತಿನ ಪಡುವಣ ದಿಕ್ಕಿನ ಕೋಣೆ ಸುಡುತ್ತದೆ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದ ನಮ್ಮ ಹಿರಿಯರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆರ್‌ಸಿಸಿಯೇ ಗತಿ ಎಂದಾದರೆ ಕೆಳಗಿನ ಅಂತಸ್ತು ಕೇಳಿ.

‘ನಿನ್ನೆ ರಾತ್ರಿ ಫ್ಯಾನ್ ಬೇಕಾಯಿತೇ?’ ಎಂದೂ ಕೇಳಿ. ‘ನಿಮ್ಮಲ್ಲಿ ತಂಪಿದೆಯೇ’ ಎಂದರೆ ಎಲ್ಲರೂ ಹೌದೆನ್ನುತ್ತಾರೆ, ಫ್ಯಾನಿನ ಪ್ರಶ್ನೆಗೆ ಸಾಮಾನ್ಯವಾಗಿ ನಿಜ ಉತ್ತರ ಬರುತ್ತದೆ. ಆಮೇಲೆ ನೀರು: ಬಾವಿ ಮೇ ತಿಂಗಳಲ್ಲೂ ಬತ್ತದೆ ಇರುತ್ತದೆಯೇ, ಟ್ಯಾಂಕರ್ ತರಿಸುತ್ತಾರೆಯೇ? ಮಲೆನಾಡು ಎಂದ ಮಾತ್ರಕ್ಕೆ ಬೇಸಿಗೆಯಲ್ಲಿ ನೀರು ಧಾರಾಳ ಎಂದು ತಿಳಿಯಬೇಡಿ. ಕರೆಂಟು ಹೋದರೆ ಏನು ವ್ಯವಸ್ಥೆ, ಕೊನೆಯ ಬಸ್ಸು ಎಷ್ಟಕ್ಕೆ, ಆಸ್ಪತ್ರೆ ಎಷ್ಟು ದೂರ, ಫೋನ್ ನೆಟ್‌ವರ್ಕ್ ಯಾವುದು ಸಿಗುತ್ತದೆ, ಇವನ್ನೂ ಬರೆದಿಟ್ಟುಕೊಳ್ಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ನೀರಿದ್ದಲ್ಲಿ ತಂಪು ಎಂದು ಹೊಸಪೇಟೆಯ ಡ್ಯಾಂ, ಹಂಪಿಗೆ ಹೋಗುವುದು ಮೊದಲನೆಯದು. ಹಂಪಿ, ಬಾದಾಮಿಗಳಲ್ಲಿ ಬಂಡೆ ಹಗಲಿಡೀ ಕಾದು ಸಂಜೆಯವರೆಗೂ ಝಳ ಬಿಡುತ್ತದೆ. ಹತ್ತಿರವಿದೆ ಎಂಬ ಕಾರಣಕ್ಕೆ ಮೇ ತಿಂಗಳಲ್ಲಿ ಮಕ್ಕಳನ್ನು ಅಲ್ಲಿ ಅಲೆದಾಡಿಸಬಾರದು, ಡಿಸೆಂಬರ್‌ಗೆ ಇಟ್ಟುಕೊಳ್ಳಿ.

ಇನ್ನೊಂದು, ಬಸ್ಸಿನ ಲೆಕ್ಕ ತಪ್ಪುವುದು. ‘ಶಕ್ತಿ’ ಉಚಿತ ಪ್ರಯಾಣ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ. ಸೂಟಿಯಲ್ಲಿ ಅವು ತುಂಬಿ ತುಳುಕುತ್ತವೆ. ಹಿರಿಯರಿದ್ದರೆ ಬೆಳಗಿನ ಮೊದಲ ಬಸ್ಸು ಹಿಡಿಯಿರಿ, ಇಲ್ಲವೇ ಸೀಟು ಕಾಯ್ದಿರಿಸುವ ಬಸ್ಸಿಗೆ ದುಡ್ಡು ಕೊಡಿ. ಬಿಸಿಲಿನಲ್ಲಿ ನಿಂತು ಪ್ರಯಾಣ ಮಾಡಿ ಉಳಿಸಿದ ಹಣ ಆಸ್ಪತ್ರೆಗೆ ಹೋದೀತು.

ಚಾರಣದ ಆಸೆಯವರು ಅನುಮತಿ ಇಲ್ಲದೆ ಹೋಗಿ ಗೇಟಿನಿಂದ ವಾಪಸಾಗುವುದೂ ಇದೆ. ಕಾಳ್ಗಿಚ್ಚಿನ ಭಯದಿಂದ ಬೇಸಿಗೆಯಲ್ಲಿ ಅರಣ್ಯ ಇಲಾಖೆ ಚಾರಣಪಥಗಳನ್ನು ಮುಚ್ಚುವುದುಂಟು. ‘ಅರಣ್ಯ ವಿಹಾರ’ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.

ಎಚ್ಚರಿಕೆ

ಮಲೆನಾಡಿಗೆ ಬೇಸಿಗೆಯಲ್ಲಿ ಹೋಗುವವರು ಮಂಗನ ಕಾಯಿಲೆಯ ಬಗ್ಗೆ ತಿಳಿದಿರಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗುಗಳ ಕಡಿತದಿಂದ ಹರಡುತ್ತದೆ. ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರ್‌ನಿಂದ ಮೇವರೆಗೆ, ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ, ಕೊಪ್ಪ ಕಡೆಯ ಕಾಡಂಚಿನಲ್ಲಿ. ಹೆದರಿ ಪ್ರವಾಸ ಬಿಡಬೇಕಿಲ್ಲ. ಆ ಊರಿನಲ್ಲಿ ಈ ಸಲ ಪ್ರಕರಣಗಳಿವೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಮನೆಯವರಲ್ಲೋ ಕೇಳಿ. ಇದ್ದರೆ ಕಾಡಿನೊಳಗೆ ಹೋಗಬೇಡಿ. ಒಣ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ತೋಳು, ಕಾಲು ತುಂಬ ಮುಚ್ಚುವ ಬಟ್ಟೆ ಹಾಕಿ, ಮರಳಿದ ಕೂಡಲೇ ಬಿಸಿನೀರಿನಲ್ಲಿ ಮೈ ತೊಳೆದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸ್ಥಳೀಯರಿಗೆ ತಿಳಿಸಿ. ಊರಿಗೆ ಬಂದ ಹತ್ತು ದಿನದೊಳಗೆ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ‘ಮಲೆನಾಡಿಗೆ ಹೋಗಿದ್ದೆವು’ ಎಂದು ಮೊದಲೇ ಹೇಳಿ. ಗದಗಿನ ವೈದ್ಯರಿಗೆ ಅದು ತಾನಾಗಿ ಹೊಳೆಯುವುದು ಕಷ್ಟ.

ಹೊಳೆಯಲ್ಲಿ ಈಜುವ ವಿಷಯದಲ್ಲೂ ಜಾಗ್ರತೆ ಬೇಕು. ಕಾಳಿ ನದಿಯಲ್ಲಿ, ಗಣೇಶಗುಡಿ-ದಾಂಡೇಲಿ ಭಾಗದಲ್ಲಿ, ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗೆ ನೀರು ಬಿಟ್ಟಾಗ ಮಟ್ಟ ಇದ್ದಕ್ಕಿದ್ದಂತೆ ಏರುತ್ತದೆ. ಬಯಲಿನ ಕೆರೆ-ಬಾವಿಯಲ್ಲಿ ಈಜು ಕಲಿತ ಹುಡುಗರಿಗೆ ಹೊಳೆಯ ಸೆಳೆತ ಗೊತ್ತಿರುವುದಿಲ್ಲ. ಊರವರು ಇಳಿಯದ ಗುಂಡಿಗೆ ನೀವೂ ಇಳಿಯಬೇಡಿ.

ಒಂದೇ ದಿನ ಬಿಡುವಿದ್ದರೆ

ಕಪ್ಪತಗುಡ್ಡವನ್ನು ಮೇ ತಿಂಗಳಲ್ಲಿ ಹತ್ತಬೇಡಿ. 2019ರಲ್ಲಿ ವನ್ಯಜೀವಿಧಾಮವಾದ ಈ ಗುಡ್ಡ ಬೇಸಿಗೆಯಲ್ಲಿ ಪೂರ್ತಿ ಒಣಗಿರುತ್ತದೆ, ಒಂದು ಬೀಡಿ ಕಿಡಿ ಸಾಕು. ಶ್ರಾವಣಕ್ಕೆ ಹೋಗಿ, ಹಸಿರೂ ಇರುತ್ತದೆ, ಗಾಳಿಯೂ ಇರುತ್ತದೆ. ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಬೇಸಿಗೆಗೆ ಮೊದಲೇ ಹಿಮಾಲಯದ ಆಚೆಗೆ ಹೋಗಿಬಿಡುತ್ತವೆ, ಅದೂ ಚಳಿಗಾಲಕ್ಕೇ ಇರಲಿ.

ಈಗ ಹೋಗುವುದಾದರೆ ಲಕ್ಕುಂಡಿಗೆ. ಗದಗಿನಿಂದ ಹನ್ನೆರಡು ಕಿಲೋಮೀಟರ್. ಬೆಳಿಗ್ಗೆ ಆರೂವರೆಗೆ ಅಲ್ಲಿರಿ. ಕಾಶಿ ವಿಶ್ವನಾಥ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ನೋಡಿಕೊಂಡು ಬಿಸಿಲು ಏರುವ ಹೊತ್ತಿಗೆ ಮುಸುಕಿನ ಬಾವಿಯ ಮೆಟ್ಟಿಲುಗಳ ಕಡೆ ಬನ್ನಿ. ಮಕ್ಕಳ ಕೈ ಬಿಡಬೇಡಿ, ಮೆಟ್ಟಿಲು ಸವೆದಿವೆ. ಲಕ್ಷ್ಮೇಶ್ವರದವರಿಗೆ ಇದೇ ಹೊತ್ತಿನಲ್ಲಿ ಸೋಮೇಶ್ವರ ಗುಡಿಯ ಆವರಣ ಇದೆ. ಎಲ್ಲಿಗೇ ಹೋಗಿ, ಬುತ್ತಿಯೂ ಮಜ್ಜಿಗೆಯೂ ಜೊತೆಗಿರಲಿ, ಹತ್ತು ಗಂಟೆಯೊಳಗೆ ಮನೆ ಸೇರಿ.